ಒಂದು ಇಮೇಜ್, ಇಡೀ ಆಫೀಸು: ಕೆಲಸ ಎಲ್ಲಿಗೆ ಬಂತು

ತುಮಕೂರಿನ ಬಿ.ಎಚ್. ರಸ್ತೆ ಪಕ್ಕ ಪರಿಚಯದ ಟ್ಯಾಕ್ಸ್ ಕನ್ಸಲ್ಟೆಂಟ್ ಒಬ್ಬರ ಆಫೀಸಿದೆ. ಅಲ್ಲಿನ ಕಂಪ್ಯೂಟರ್‌ಗಳ ಕ್ಲೋನಿಂಗ್ ಕೆಲಸ, ಅಂದರೆ ಒಂದು ಮಷಿನ್‌ನ ಪಡಿಯಚ್ಚನ್ನು ಮಿಕ್ಕವಕ್ಕೆಲ್ಲ ಇಳಿಸುವುದು, ಅರ್ಧ ದಾಟಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ ಅಲ್ವಾ, ಹಾಗಾಗಿ ಎಲ್ಲಕ್ಕೂ ವಿಂಡೋಸ್ 11 ಆಗಬೇಕು. ಒಂದೊಂದರ ಮುಂದೆ ಕೂತು ಇನ್‌ಸ್ಟಾಲ್ ಮಾಡುವ ತಾಳ್ಮೆ ನನಗಿಲ್ಲ. ಒಂದು ಮಷಿನ್‌ಗೆ ಟ್ಯಾಲಿ, ನುಡಿ, ಪ್ರಿಂಟರ್ ಡ್ರೈವರ್ ಎಲ್ಲ ಹಾಕಿ, ಅದರ ಇಮೇಜ್ (ಇಡೀ ಡಿಸ್ಕ್‌ನ ಪ್ರತಿ) ತೆಗೆದು, ಕ್ಲೋನ್‌ಝಿಲ್ಲಾ ಅನ್ನುವ ಸಾಫ್ಟ್‌ವೇರ್‌ನಲ್ಲಿ ಮಿಕ್ಕವಕ್ಕೆ ಇಳಿಸುತ್ತಿದ್ದೇನೆ. ಇಮೇಜ್ ತೆಗೆದದ್ದು ಎಲ್ಲಕ್ಕಿಂತ ಚಿಕ್ಕ ಎಸ್‌ಎಸ್‌ಡಿ ಇರುವ ಮಷಿನ್‌ನಿಂದ. ದೊಡ್ಡದರಿಂದ ತೆಗೆದರೆ ಚಿಕ್ಕದಕ್ಕೆ ಸುಲಭವಾಗಿ ಕೂರುವುದಿಲ್ಲ.

ಇಮೇಜ್‌ಗೆ ಮೊದಲು ಸಿಸ್‌ಪ್ರೆಪ್ ಓಡಿಸಬೇಕು. ಆ ಮಷಿನ್‌ನದ್ದೇ ಆದ ಗುರುತುಗಳನ್ನು ಅಳಿಸುವುದು ಅದರ ಕೆಲಸ. ಅದು ಎರಡು ಸಲ ತಕರಾರು ತೆಗೆಯಿತು. ಒಂದು, ಡಿಸ್ಕ್‌ನ ಡೇಟಾಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆ ಅಂತ. ವಿಂಡೋಸ್ 11ರ 24ಎಚ್2 ಆವೃತ್ತಿ ಹೊಸದಾಗಿ ಹಾಕಿದರೆ ಅದು ಎಷ್ಟೋ ಮಷಿನ್‌ಗಳಲ್ಲಿ ತಾನೇ ಆನ್ ಆಗಿರುತ್ತದೆ. ಇನ್ನೊಂದು, ಸ್ಟೋರ್‌ನ ಯಾವುದೋ ಆ್ಯಪ್ ಒಬ್ಬ ಯೂಸರ್‌ಗೆ ಮಾತ್ರ ಇದೆ ಅಂತ. ಸಿಸ್‌ಪ್ರೆಪ್ ತನ್ನ ಲಾಗ್ ಬರೆದಿಡುವ ಪ್ಯಾಂಥರ್ ಫೋಲ್ಡರ್‌ನಲ್ಲಿ ಆ ಆ್ಯಪ್ ಹೆಸರೇ ಇತ್ತು. ತೆಗೆದು ಹಾಕಿದೆ, ಮುಂದೆ ಹೋಯಿತು.

ನಿಜವಾದ ತಲೆನೋವು ನೆಟ್‌ವರ್ಕ್‌ದು. ಮಲ್ಟಿಕಾಸ್ಟ್‌ನಲ್ಲಿ ಒಂದೇ ಡೇಟಾ ಎಲ್ಲ ಮಷಿನ್‌ಗೂ ಒಟ್ಟಿಗೆ ಹೋಗುತ್ತದೆ. ಆದರೆ ಇದು ಮದುವೆ ಊಟದ ಪಂಕ್ತಿ ಇದ್ದಂತೆ: ಒಬ್ಬರ ಮಜ್ಜಿಗೆ ಅನ್ನ ಮುಗಿಯದಿದ್ದರೆ ಯಾರೂ ಏಳುವ ಹಾಗಿಲ್ಲ. ಗಿಗಾಬಿಟ್ ಸ್ವಿಚ್ ಇದ್ದರೂ ಸ್ಪೀಡ್ ಸೆಕೆಂಡಿಗೆ 11 ಎಂಬಿ ದಾಟಲೇ ಇಲ್ಲ. ಸುಮಾರು 30 ಜಿಬಿ ಇಮೇಜ್‌ಗೆ ಮುಕ್ಕಾಲು ಗಂಟೆ!

ಸ್ವಿಚ್ ನೋಡಿದರೆ ಎಲ್ಲ ಪೋರ್ಟ್‌ನಲ್ಲೂ ಹಸಿರು ದೀಪ, ಒಂದರಲ್ಲಿ ಮಾತ್ರ ಕಿತ್ತಳೆ. ಆ ಲೈನ್ 100 ಎಂಬಿಪಿಎಸ್‌ಗೆ, ಅಂದರೆ ಗಿಗಾಬಿಟ್‌ನ ಹತ್ತನೇ ಒಂದು ಪಾಲಿಗೆ, ಇಳಿದಿತ್ತು. ಕೇಬಲ್ ಹಿಡಿದುಕೊಂಡು ಹೋದೆ. ಯುಪಿಎಸ್ ಹಿಂದೆ ಮಡಚಿಕೊಂಡಿದ್ದ ಕನೆಕ್ಟರ್ ಒಳಗೆ ಕಂದು ತಂತಿಯೊಂದು ತುಂಡಾಗಿತ್ತು.

"ಸಾರ್, ಅದ್ರಲ್ಲಿ ನೆಟ್ ಚೆನ್ನಾಗೇ ಬರ್ತಿತ್ತಲ್ಲ?" ಅಂದ ಆಫೀಸಿನ ಹುಡುಗ.

ಬರುತ್ತಿತ್ತು, ಸುಳ್ಳಲ್ಲ. 100 ಎಂಬಿಪಿಎಸ್‌ಗೆ ಕೇಬಲ್ ಒಳಗಿನ ಕಿತ್ತಳೆ, ಹಸಿರು ತಂತಿ ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಎಷ್ಟು ಕಾಲದಿಂದ ಹಾಗೇ ಇತ್ತೋ, ಬ್ರೌಸಿಂಗ್‌ಗೆ ಯಾರಿಗೂ ಗೊತ್ತಾಗಿರಲಿಲ್ಲ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿದೆ. ಆ ದೀಪವೂ ಹಸಿರಾಯಿತು. ಮುಂದಿನ ಬ್ಯಾಚ್ ನಾನು ಟೀ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಕ್ಲೋನಿಂಗ್‌ಗೆ ಮೊದಲು ಸ್ವಿಚ್ ದೀಪ ನೋಡಿ, ಸಾಫ್ಟ್‌ವೇರ್ ಸೆಟ್ಟಿಂಗ್ ಎಲ್ಲ ಆಮೇಲೆ.

ವಿಂಡೋಸ್ 11 ಕೇಳುವ ಟಿಪಿಎಂ 2.0 ಸೆಕ್ಯುರಿಟಿ ಚಿಪ್ ಇಲ್ಲದ ಹಳೇ ಮಷಿನ್‌ಗಳಿಗೆ ಈ ಇಮೇಜ್ ಹಾಕುವುದಿಲ್ಲ. ಅಡ್ಡದಾರಿಗಳಿವೆ, ಆದರೆ ಗಿರಾಕಿಗಳ ಲೆಕ್ಕ ಇರುವ ಕಡೆ ಅದೆಲ್ಲ ಬೇಡ. ಇನ್ನು ಉಳಿದಿರುವುದು ರಿಟರ್ನ್ಸ್ ಫೈಲ್ ಮಾಡುವ ಮೇಡಂಗಳ ಮಷಿನ್‌ಗಳು. 20ನೇ ತಾರೀಕಿನ ಜಿಎಸ್‌ಟಿ ಕೆಲಸ ಮುಗಿಯುವವರೆಗೆ ಅವನ್ನು ಮುಟ್ಟಬೇಡಿ ಅಂದಿದ್ದಾರೆ.