ನಿಮ್ಮ ಮನೆ ಬಾಗಿಲು ತೆರೆದಿಟ್ಟು ಮಲಗ್ತೀರಾ ಅಂತ ಕೇಳುವವರಿಗೆ

ಮಂಗಳೂರಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಕೆಲಸ ಹುಡುಕಿಕೊಂಡು ದೇಶದಿಂದ ದೇಶಕ್ಕೆ ಹೋಗುವವರಿಗೆ ಗಡಿಗಳು ಈಗಿನಷ್ಟು ಬಿಗಿಯಾಗಿರಬಾರದು ಅಂತ ತರಗತಿಯಲ್ಲೂ ಹೇಳಿದ್ದೇನೆ, ಸಭೆಗಳಲ್ಲೂ ಹೇಳಿದ್ದೇನೆ. ಆಗಿನಿಂದ ಒಂದು ಪ್ರಶ್ನೆ ಬೆನ್ನು ಬಿಟ್ಟಿಲ್ಲ. ಸಿಟಿ ಬಸ್ಸಿನಲ್ಲಿ, ಮೀನು ಮಾರ್ಕೆಟಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ ಯಾರಾದರೂ ಸಿಗುತ್ತಾರೆ. "ಗಡಿ ತೆರೆದಿಡಬೇಕು ಅಂತೀರಲ್ಲ ಸರ್, ನೀವು ರಾತ್ರಿ ನಿಮ್ಮ ಮನೆ ಬಾಗಿಲು ತೆರೆದಿಟ್ಟು ಮಲಗ್ತೀರಾ?" ಕೇಳಿ, ಗೆದ್ದವರ ಹಾಗೆ ಒಂದು ನಗು.

ಇಲ್ಲ. ಚಿಲಕ ಹಾಕಿಯೇ ಮಲಗುತ್ತೇನೆ. ಆದರೆ ಇದನ್ನು ಇನ್ನೊಂದು ಸಲ ಬಾಯಲ್ಲಿ ಹೇಳುವ ತಾಳ್ಮೆ ನನಗಿಲ್ಲ. ಇಲ್ಲಿ ಬರೆದಿಡುತ್ತೇನೆ, ಓದಿಕೊಳ್ಳಿ.

ಮನೆ ನನ್ನದು. ದೇಶ ನನ್ನೊಬ್ಬನದಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ಮಹಡಿಯ ಎರಡು ಕೋಣೆಗಳನ್ನು ಬಂಗಾಳದಿಂದ ಬಂದ ಟೈಲ್ಸ್ ಕೆಲಸದವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಆ ಹುಡುಗರು ಯಾರ ಮನೆಗೂ ನುಗ್ಗಿದವರಲ್ಲ. ಕೆಲಸಕ್ಕೆ ಕರೆದವರಿದ್ದಾರೆ, ಬಾಡಿಗೆ ಎಣಿಸಿಕೊಂಡವರಿದ್ದಾರೆ, ಅಕ್ಕಿ ಮೊಟ್ಟೆ ಮಾರಿದ ಅಂಗಡಿಯವರಿದ್ದಾರೆ. ಹೊರಗಿನವರು ಬರಲೇಬಾರದು ಅಂತ ನಾನು ಹಟ ಹಿಡಿದರೆ ಅದು ನನ್ನ ಬಾಗಿಲಿಗೆ ಚಿಲಕ ಹಾಕಿದಂತಲ್ಲ. ಆ ಬೀದಿ ಕೊನೆಯ ಮನೆಗೆ ಹೊರಗಿನಿಂದ ಬೀಗ ಜಡಿದಂತೆ. ಕಳ್ಳನನ್ನು ಹಿಡಿಯಲು ಗುರುತಿನ ಚೀಟಿ ನೋಡುವುದು ಬೇರೆ, ದುಡಿಯಲು ಬಂದವನನ್ನು ವಾಪಸ್ ಕಳಿಸುವುದು ಬೇರೆ. ಮೊದಲನೆಯದು ಬೇಡ ಅಂತ ನಾನು ಎಂದೂ ಹೇಳಿಲ್ಲ.

"ಅವರು ನಮ್ಮ ದೇಶದವರೇ, ನೀವು ಹೇಳುವುದು ಬೇರೆ ದೇಶದ ಮಾತು" ಅಂತ ತಕ್ಷಣ ಅಡ್ಡ ಬರುತ್ತಾರೆ. ಗೊತ್ತು. ಭಾರತದ ಒಳಗೆ ಎಲ್ಲಿ ಬೇಕಾದರೂ ಹೋಗುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಆ ಹಕ್ಕು ಇರುವಾಗಲೂ ಬೈಗುಳ ತಪ್ಪಿರಲಿಲ್ಲ ಅನ್ನುವುದು ನಮ್ಮವರಿಗೆ ಗೊತ್ತಿರಬೇಕು. 1966ರಲ್ಲಿ ಹುಟ್ಟಿದ ಶಿವಸೇನೆ ಮುಂಬೈಯಲ್ಲಿ ಮೊದಮೊದಲು ತಿರುಗಿಬಿದ್ದದ್ದು ದಕ್ಷಿಣದವರ ಮೇಲೆ. ಉಡುಪಿ ಹೋಟೆಲುಗಳಿಗೂ ಬಿಸಿ ತಟ್ಟಿತ್ತು. ಆಗ ಆಡಿದ ಮಾತುಗಳನ್ನೇ ಈಗ ನಾವು ಮಲ್ಪೆಯಲ್ಲಿ, ಬೈಕಂಪಾಡಿಯಲ್ಲಿ ನಿಂತು ಇನ್ನೊಬ್ಬರಿಗೆ ಆಡುತ್ತಿದ್ದೇವೆ.

ಮನೆ ಬಾಗಿಲಿನ ಹಿಂದೆ ಇರುವ ನಿಜವಾದ ಹೆದರಿಕೆ ಒಂದೇ. ತೆರೆದರೆ ಎಲ್ಲರೂ ಬಂದುಬಿಡುತ್ತಾರೆ, ಬಂದವರು ಹೋಗುವುದಿಲ್ಲ. ಹೌದಾ? ಬಿಹಾರವನ್ನು ನೋಡಿ. ಕರ್ನಾಟಕದವರ ತಲಾ ಆದಾಯ ಅಲ್ಲಿನವರದ್ದಕ್ಕಿಂತ ಸುಮಾರು 5 ಪಟ್ಟು ಜಾಸ್ತಿ. ನಡುವೆ ಗೇಟಿಲ್ಲ, ವೀಸಾ ಇಲ್ಲ, ರೈಲು ಉಂಟು. ಆದರೂ 2023ರ ಜಾತಿ ಗಣತಿಯಲ್ಲಿ ಬಿಹಾರದ ಲೆಕ್ಕಕ್ಕೆ ಬಂದವರು 13 ಕೋಟಿ ಜನ. ಊರು ಬಿಡುವುದು ಅಷ್ಟು ಸುಲಭ ಅಲ್ಲ. ಅಪ್ಪ ಅಮ್ಮ, ಭಾಷೆ, ಊಟ, ದೈವ ದೇವರು ಎಲ್ಲ ಕಾಲಿಗೆ ಸುತ್ತಿಕೊಳ್ಳುತ್ತದೆ.

ಇನ್ನು ವಾಪಸ್ ಹೋಗುವುದಿಲ್ಲ ಅನ್ನುವವರು ಮೇ ಕೊನೆಯ ವಾರ ಮಲ್ಪೆ ಬಂದರಿಗೆ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೋಟುಗಳು ದಡ ಸೇರುತ್ತವೆ, ಬಲೆ ಮೇಲೆ ಬರುತ್ತದೆ. ಒಡಿಶಾ, ಆಂಧ್ರ, ಜಾರ್ಖಂಡ್ ಕಡೆಯ ಕಲಾಸಿಗಳು, ಅಂದರೆ ಬೋಟಿನ ಕೆಲಸದವರು, ಲೆಕ್ಕ ಚುಕ್ತಾ ಮಾಡಿಕೊಂಡು ಬ್ಯಾಗು, ಹೊಸ ಬಕೆಟು, ಮಕ್ಕಳಿಗೆ ತೆಗೆದ ಬಟ್ಟೆ ಹಿಡಿದು ರೈಲು ಹತ್ತುತ್ತಾರೆ. ಯಾರೂ ಓಡಿಸಬೇಕಾಗಿಲ್ಲ. ಆಗಸ್ಟಿನಲ್ಲಿ ಮತ್ತೆ ಬರಬಹುದು ಅಂತ ಗೊತ್ತಿರುವುದರಿಂದಲೇ ಹೋಗುತ್ತಾರೆ. ಪ್ರತಿ ಸಲ ಬರಲಿಕ್ಕೆ ಸಾಲ ಮಾಡಿ ವೀಸಾ ಕೊಳ್ಳಬೇಕು ಅಂತಿದ್ದರೆ ಒಬ್ಬನೂ ಹೋಗುತ್ತಿರಲಿಲ್ಲ. ಆಗಸ್ಟಿನಲ್ಲಿ ಅವರು ನಾಲ್ಕು ದಿನ ತಡ ಮಾಡಿದರೆ ಬೋಟಿನ ಮಾಲೀಕರು ಫೋನ್ ಮೇಲೆ ಫೋನ್ ಮಾಡುವುದನ್ನೂ ನೋಡಿದ್ದೇನೆ.

ಅಮೆರಿಕ ಇದರ ಉಲ್ಟಾ ಮಾಡಿ ನೋಡಿತು. 1942ರಿಂದ 1964ರವರೆಗೆ ಬ್ರಸೇರೊ ಅನ್ನುವ ಯೋಜನೆಯಲ್ಲಿ ಮೆಕ್ಸಿಕೊದವರು ಹೊಲದ ಕೆಲಸಕ್ಕೆ ಹೋಗಿ, ಸೀಸನ್ ಮುಗಿದ ಮೇಲೆ ಊರಿಗೆ ಬರುತ್ತಿದ್ದರು. ಅಮೆರಿಕದವರ ಕೂಲಿ ಏರಲಿ ಅಂತ ಅದನ್ನು ನಿಲ್ಲಿಸಿದರು. ಹತ್ತಿರ ಹತ್ತಿರ 5 ಲಕ್ಷ ಜನರಿಗೆ ದಾರಿ ಬಂದ್ ಆಯಿತು. ಕೂಲಿ ಏರಿತಾ? 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ರಾಜ್ಯವಾರು ಲೆಕ್ಕ ತೆಗೆದು ನೋಡಿದರು. ಮೆಕ್ಸಿಕೊದವರನ್ನು ಕಳೆದುಕೊಂಡ ರಾಜ್ಯಗಳಲ್ಲಿ ಕೂಲಿ ಉಳಿದ ಕಡೆಗಿಂತ ಬೇಗ ಏರಲಿಲ್ಲ. ರೈತರು ಟೊಮೆಟೊ ಕೀಳುವ ಯಂತ್ರ ತಂದರು, ಯಂತ್ರ ಇಲ್ಲದ ಬೆಳೆಗಳನ್ನು ಕಡಿಮೆ ಮಾಡಿದರು. ಮುಂದೆ ಗಡಿ ಬಿಗಿಯಾದಂತೆ, ಕದ್ದು ದಾಟಿದವರು ಮತ್ತೆ ದಾಟುವ ಕಷ್ಟ ಬೇಡ ಅಂತ ಅಲ್ಲೇ ಉಳಿದು ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು.

ಖರ್ಚೇ ಇಲ್ಲವಾ ಹಾಗಾದರೆ? ಉಂಟು. ಇಲ್ಲ ಅನ್ನುವವರ ಜೊತೆಗೂ ನನ್ನ ಜಗಳ ಇದೆ. 1980ರಲ್ಲಿ ಕ್ಯೂಬಾದಿಂದ ದೋಣಿಗಳಲ್ಲಿ 1.25 ಲಕ್ಷ ಜನ ಅಮೆರಿಕಕ್ಕೆ ಬಂದಿಳಿದರು. ಮಯಾಮಿ ನಗರದಲ್ಲಿ ದುಡಿಯುವವರ ಸಂಖ್ಯೆ ಒಂದೇ ಏಟಿಗೆ ಶೇ. 7ರಷ್ಟು ಏರಿತು. ಸ್ಥಳೀಯರ ಕೂಲಿಗೆ ಹೊಡೆತ ಬೀಳಲಿಲ್ಲ ಅಂತ ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ತೋರಿಸಿದರು. ಹೈಸ್ಕೂಲು ಮುಗಿಸದ ಗಂಡಸರಿಗೆ ಜೋರಾಗಿಯೇ ಹೊಡೆತ ಬಿತ್ತು ಅಂತ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಆಮೇಲೆ ವಾದಿಸಿದರು. ಜಗಳ ಇನ್ನೂ ಮುಗಿದಿಲ್ಲ. ಕಾರ್ಡ್ ಅವರ ಲೆಕ್ಕವೇ ನನಗೆ ಹೆಚ್ಚು ಗಟ್ಟಿ ಅನಿಸುತ್ತದೆ. ಆದರೆ ಏಟು ಬೀಳುವುದಾದರೆ ಕೆಳಗಿನ ಮೆಟ್ಟಿಲಲ್ಲಿ ಇರುವವನಿಗೇ ಮೊದಲು ಬೀಳುವುದು ಅನ್ನುವುದನ್ನು ಮರೆಯುವಂತಿಲ್ಲ.

ಬ್ರಿಟನ್ನಿನ ಕಥೆ ಇನ್ನೂ ಪಾಠ ಹೇಳುವಂಥದ್ದು. 2004ರಲ್ಲಿ ಪೋಲೆಂಡ್ ಮುಂತಾದ ಪೂರ್ವದ ದೇಶಗಳು ಯುರೋಪಿಯನ್ ಒಕ್ಕೂಟ ಸೇರಿದಾಗ ವರ್ಷಕ್ಕೆ 5,000ದಿಂದ 13,000 ಜನ ಬರಬಹುದು ಅಂತ ಅಂದಾಜು ಮಾಡಿದ್ದರು. ಅದರ ಎಷ್ಟೋ ಪಟ್ಟು ಬಂದರು. ಜರ್ಮನಿಯೂ ತೆರೆಯುತ್ತದೆ ಅಂತ ಆ ಲೆಕ್ಕ ನಂಬಿತ್ತು. ಜರ್ಮನಿ ತೆರೆದದ್ದು 2011ರಲ್ಲಿ. ಹತ್ತು ದಾರಿ ಮುಚ್ಚಿ ಒಂದನ್ನು ತೆರೆದರೆ ಅಲ್ಲಿಗೇ ಎಲ್ಲರೂ ನುಗ್ಗುವುದು ಸಹಜ ಅಲ್ವಾ? ಬಂದವರು ದುಡಿದರು, ತೆರಿಗೆಯನ್ನೂ ಕಟ್ಟಿದರು. ತೆರಿಗೆ ಹೋದದ್ದು ಲಂಡನ್ನಿಗೆ. ಶಾಲೆ, ಡಾಕ್ಟರ ಕ್ಯೂ, ಬಾಡಿಗೆ ಮನೆಯ ಒತ್ತಡ ಬಿದ್ದದ್ದು ಸಣ್ಣ ಸಣ್ಣ ಊರುಗಳ ಮೇಲೆ. ಅಂಥ ಊರುಗಳಿಗೆ ಹಣ ಕೊಡಲು 2009ರಲ್ಲಿ ಒಂದು ನಿಧಿ ಮಾಡಿದರು, ಮರುವರ್ಷವೇ ಸರಕಾರ ಬದಲಾಗಿ ಅದನ್ನು ರದ್ದು ಮಾಡಿದರು. 2016ರಲ್ಲಿ ಜನ ಒಕ್ಕೂಟವೇ ಬೇಡ ಅಂತ ಮತ ಹಾಕಿದರು. ಬರೀ ಇದೇ ಕಾರಣ ಅಲ್ಲ, ಆದರೆ ಇದೂ ಒಂದು.

ನಮ್ಮಲ್ಲೂ ಹಾಗೆಯೇ. ಫ್ಲ್ಯಾಟು ಕಟ್ಟಿದವರಿಗೆ ಲಾಭ, ಫ್ಲ್ಯಾಟು ಕೊಂಡವರಿಗೆ ಲಾಭ. ಕಟ್ಟಡ ಕೆಲಸದವರ ಶೆಡ್ಡಿನ ಹತ್ತಿರ ಚರಂಡಿ ತುಂಬಿದರೆ ಮೂಗು ಮುಚ್ಚಿಕೊಳ್ಳುವುದು ಅದೇ ವಾರ್ಡಿನ ಬಡವರು. ಕಟ್ಟಡದ ವೆಚ್ಚದ ಶೇ. 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣಕ್ಕೆ ಅಂತ ಕಾನೂನಿನ ಪ್ರಕಾರವೇ ವಸೂಲಾಗುತ್ತದೆ. ಆ ದುಡ್ಡು ಶೆಡ್ಡಿನವರೆಗೆ ತಲುಪಬೇಕು ಅಂತ ನನ್ನ ಜೊತೆ ಜೋರು ದನಿಯಲ್ಲಿ ಕೂಗಲು ಎಷ್ಟು ಜನ ಬರುತ್ತೀರಿ? ಇನ್ನೊಂದನ್ನೂ ನೋಡಿ. ಮಂಗಳೂರಿನ ಎಷ್ಟೋ ಸರಕಾರಿ ಕನ್ನಡ ಶಾಲೆಗಳು ಇವತ್ತು ಬಾಗಿಲು ಹಾಕದೆ ಉಳಿದದ್ದು ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯಿಂದ ಕೂಲಿಗೆ ಬಂದವರ ಮಕ್ಕಳಿಂದ. ನಮ್ಮ ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಂ ವ್ಯಾನು ಹತ್ತಿ ಆಗಿದೆ.

ಮುಚ್ಚುವುದಕ್ಕೂ ಖರ್ಚಿದೆ. 2020ರ ಮಾರ್ಚಿನಲ್ಲಿ ಅದನ್ನು ಇಲ್ಲೇ, ಕೇರಳ ಗಡಿಯ ತಲಪಾಡಿಯಲ್ಲಿ ಕಂಡಿದ್ದೇವೆ. ಕೊರೊನಾ ಹೆದರಿಕೆಗೆ ಕಾಸರಗೋಡಿನ ದಾರಿಗಳಿಗೆ ಮಣ್ಣು ಸುರಿದರು. ಹೆದರಿಕೆಗೆ ಕಾರಣ ಇತ್ತು, ಅಲ್ಲಿ ಸೋಂಕು ಏರುತ್ತಿತ್ತು. ಆದರೆ ಗಡಿಯಾಚೆಯ ಮಂಜೇಶ್ವರ, ಉಪ್ಪಳದವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಡಯಾಲಿಸಿಸ್ ಇಲ್ಲಿ, ಹೆರಿಗೆ ಇಲ್ಲಿ. ಆಂಬುಲೆನ್ಸ್ ಗಡಿಯಿಂದ ತಿರುಗಿ ಹೋಯಿತು, ಚಿಕಿತ್ಸೆ ಸಿಗದೆ ಜನ ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರೆಸಿ ಅಂತ ಆದೇಶ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು, ತುರ್ತು ರೋಗಿಗಳನ್ನು ಬಿಡಲು ಕೊನೆಗೆ ಒಪ್ಪಂದ ಆಯಿತು. ಅದಕ್ಕಿಂತ ಮೊದಲು ಅಲ್ಲಿ ಗಡಿ ಉಂಟು ಅಂತ ನಮಗೆ ನೆನಪಾಗುತ್ತಿದ್ದದ್ದು ಬೋರ್ಡು ಕಂಡಾಗ ಮಾತ್ರ.

ಈಗ ಭಾವನ ವಿಷಯಕ್ಕೆ ಬರುತ್ತೇನೆ. ನನ್ನ ತಂಗಿಯ ಗಂಡ. ಎಸಿ ಮೆಕ್ಯಾನಿಕ್ ಆಗಿ ದುಬೈಗೆ ಹೋಗಿ ಫೋರ್‌ಮನ್ ಆಗಿ ರಿಟೈರ್ ಆದವರು. ಸುರತ್ಕಲ್ ಹತ್ತಿರ ಒಂದು ಮದುವೆ ಊಟದಲ್ಲಿ ಪಕ್ಕದಲ್ಲಿ ಕೂತಿದ್ದರು. ಎಲೆಗೆ ಹೋಳಿಗೆ ಬಿದ್ದ ಹೊತ್ತಿಗೆ ಅವರೂ ಕೇಳಿಯೇಬಿಟ್ಟರು. "ಅಲ್ಲ ಭಾವ, ನೀವು ರಾತ್ರಿ ಬಾಗಿಲು ತೆರೆದಿಟ್ಟು ಮಲಗ್ತೀರಾ?"

ನನಗೆ ಸಿಟ್ಟು ಬಂತು. "ನಿಮಗೆ ದುಬೈಯಲ್ಲಿ ಬಾಗಿಲು ತೆಗೆದದ್ದು ಯಾರು ಭಾವ?" ಅಂದೆ.

"ನಾವು ಕದ್ದು ಹೋದದ್ದಲ್ಲ. ವೀಸಾ ಹೊಡೆಸಿಯೇ ಹೋದದ್ದು."

ಅಷ್ಟರಲ್ಲಿ ಕಾಯಿಹಾಲಿನ ಪಾತ್ರೆ ಹಿಡಿದ ಹುಡುಗ ಬಗ್ಗಿ "ಬೋಡಾ ಅಣ್ಣ?" ಅಂತ ತುಳುವಿನಲ್ಲಿ ಕೇಳಿದ. ಊರು ಯಾವುದು ಅಂದರೆ ನೇಪಾಳ. ಮೊದಲು ಬೇರೊಬ್ಬ ಕೇಟರಿಂಗ್‌ನವರ ಹತ್ತಿರ ಇದ್ದನಂತೆ. ಸಂಬಳ ಸರಿಯಾಗಿ ಕೊಡಲಿಲ್ಲ, ಬಿಟ್ಟು ಇವರ ಹತ್ತಿರ ಬಂದೆ ಅಂದ. ಹೇಳಿ ಮುಂದಿನ ಎಲೆಗೆ ಹೋದ.

ಭಾವ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೈ ತೊಳೆಯುವಲ್ಲಿ ನಿಂತು ಅವರೇ ಶುರು ಮಾಡಿದರು. ಹೋದ ಮೊದಲ ದಿನವೇ ಕಂಪನಿಯವರು ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡರು. ಕೆಲಸ ಕಲಿತ ಮೇಲೆ ಪಕ್ಕದ ಕಂಪನಿ ಒಂದೂವರೆ ಪಟ್ಟು ಸಂಬಳಕ್ಕೆ ಕರೆಯಿತು. ಎನ್‌ಒಸಿ ಅಂದರೆ ಬೇರೆ ಕೆಲಸಕ್ಕೆ ಸೇರಲು ಕಂಪನಿಯ ಒಪ್ಪಿಗೆ ಪತ್ರ. ಅದನ್ನು ಕೇಳಲು ಹೋದರೆ ಮ್ಯಾನೇಜರ್ ತಲೆಯೂ ಎತ್ತದೆ ಇಲ್ಲ ಅಂದ. ಬೇಕಾದರೆ ಊರಿಗೆ ಹೋಗು ಅಂದ. ಊರಲ್ಲಿ ಏಜೆಂಟನಿಗೆ ಕೊಟ್ಟ ಸಾಲ ಬಾಕಿ ಇತ್ತು. ಹಳೇ ಸಂಬಳದಲ್ಲೇ ವರ್ಷಗಟ್ಟಲೆ ದುಡಿದರು. ಇಂತಿಷ್ಟು ಸಂಬಳ ಇಲ್ಲದೆ ಕುಟುಂಬಕ್ಕೆ ವೀಸಾ ಸಿಗುವುದಿಲ್ಲ. ಹಾಗಾಗಿ ನನ್ನ ತಂಗಿ ಇಬ್ಬರು ಮಕ್ಕಳನ್ನು, ಕಣ್ಣು ಕಾಣದ ಅತ್ತೆಯನ್ನು ಒಬ್ಬಳೇ ನೋಡಿಕೊಂಡಳು. ಗದ್ದೆ ಬೇಸಾಯ ಇಲ್ಲದೆ ಹಡಿಲು ಬಿತ್ತು.

ಒಂದೇ ಪಂಕ್ತಿಯಲ್ಲಿ ಎರಡು ತರದ ಗಡಿ ದಾಟಿದವರು. ಭಾರತ ಮತ್ತು ನೇಪಾಳ 1950ರ ಜುಲೈ 31ರಂದು ಸಹಿ ಹಾಕಿದ ಒಪ್ಪಂದದಿಂದಾಗಿ ಆ ಹುಡುಗನಿಗೆ ವೀಸಾ ಬೇಡ, ಕೆಲಸದ ಪರವಾನಗಿ ಬೇಡ. ಸರಿಬರದಿದ್ದರೆ ನಾಳೆಯೇ ಬೇರೆ ಕಡೆ ಹೋಗಬಹುದು. ಭಾವನಿಗೆ ದುಡಿಯಲು ಬಾಗಿಲು ತೆಗೆದರು, ಬಿಟ್ಟು ಹೋಗಲು ತೆಗೆಯಲಿಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಇದು. ಬಂದವನಿಗೆ ಮಾಲೀಕನನ್ನು ಬಿಡುವ ಹಕ್ಕು ಉಂಟಾ? ಹೊರಗಿನವರು ಕಡಿಮೆ ಕೂಲಿಗೆ ಬಂದು ನಮ್ಮ ಅನ್ನ ಕಸಿಯುತ್ತಾರೆ ಅನ್ನುವವರು ಇದನ್ನೇ ಮೊದಲು ಕೇಳಬೇಕು. ಮಾಲೀಕನನ್ನು ಬಿಡಲಾಗದವನು ಕೊಟ್ಟಷ್ಟಕ್ಕೆ ದುಡಿಯುತ್ತಾನೆ. ಅವನನ್ನು ತೋರಿಸಿಯೇ ಊರಿನವನ ಕೂಲಿಯನ್ನೂ ಇಳಿಸುತ್ತಾರೆ. ಬಿಡಲು ಆಗುವವನು ಬೇಗ ಊರಿನ ರೇಟು ಕಲಿಯುತ್ತಾನೆ. ಮಲ್ಪೆಯಲ್ಲಿ ಒಂದು ಬೋಟಿನಲ್ಲಿ ಸರಿಬರದ ಕಲಾಸಿ ಪಕ್ಕದ ಬೋಟಿಗೆ ಹೋಗುತ್ತಾನೆ, ಬೋಟು ನಡೆಸುವ ತಂಡೇಲರಿಗೂ ಅದು ಗೊತ್ತು. ಅದಕ್ಕೇ ನಾನು ಗಡಿಯನ್ನು ಸ್ವಲ್ಪ ಸ್ವಲ್ಪವಾಗಿ ತೆರೆಯಿರಿ ಅಂದಾಗಲೆಲ್ಲ, ತೆರೆದಷ್ಟನ್ನು ಪೂರ್ತಿ ತೆರೆಯಿರಿ ಅಂತಲೂ ಹೇಳುತ್ತೇನೆ. ಕತಾರ್ 2020ರಲ್ಲಿ ಕೆಲಸ ಬದಲಿಸಲು ಎನ್‌ಒಸಿ ಬೇಕಿಲ್ಲ ಅಂತ ಕಾನೂನು ತಂದಿತು. ಜಾರಿಯಲ್ಲಿ ಕೊರತೆ ಇದ್ದರೂ ದಾರಿ ಅದೇ.

2024ರಲ್ಲಿ ಹೊರದೇಶದಲ್ಲಿರುವ ಭಾರತೀಯರು ಊರಿಗೆ ಕಳಿಸಿದ ಹಣ ಸುಮಾರು 12,900 ಕೋಟಿ ಡಾಲರ್, ವಿಶ್ವಬ್ಯಾಂಕಿನ ಅಂದಾಜು. ಪ್ರಪಂಚದಲ್ಲೇ ಮೊದಲ ಸ್ಥಾನ. ಆ ಅಂಕಿ ಹಿಡಿದು ನಮ್ಮವರು ಹೆಮ್ಮೆ ಪಡುತ್ತಾರೆ, ನನಗೂ ಹೆಮ್ಮೆ ಇದೆ. ಆದರೆ ಅದನ್ನು ದುಡಿದವರು ಹೋಗುವಾಗ ಎಷ್ಟು ಸಾಲ ಹೊತ್ತು ಹೋದರು ಅಂತಲೂ ಕೇಳಬೇಕು. ನಮ್ಮ ನಿಯಮದ ಪ್ರಕಾರ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಹತ್ತನೇ ತರಗತಿ ಪಾಸಾಗದವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕೇ ಬೇಕು. ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಸರಿ ಮಾಡಿಕೊಡ್ತೇನೆ ಅನ್ನುವವನು ತಪ್ಪಿಸುವುದು ಇದನ್ನೇ. ನಿಮ್ಮ ಮನೆಯಿಂದ ಹುಡುಗನೋ ಹುಡುಗಿಯೋ ಹೊರಟಿದ್ದರೆ ದುಡ್ಡು ಕೊಡುವ ಮೊದಲು ಸರಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಏಜೆಂಟನ ನೋಂದಣಿ ಸಂಖ್ಯೆ ಹಾಕಿ ನೋಡಿ. ಕರಾರು ಪತ್ರ ಇಲ್ಲೇ ಕೈಗೆ ಬರಬೇಕು. ಸಂಬಳದ ಸಾಲನ್ನೂ, ಕೆಲಸ ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು ಅನ್ನುವ ಸಾಲನ್ನೂ ಓದಿಸಿಕೊಳ್ಳಿ. ಅರ್ಥ ಆಗದಿದ್ದರೆ ನನ್ನ ಹತ್ತಿರ ತನ್ನಿ. ಅದನ್ನು ಎಷ್ಟು ಹೊತ್ತು ಬೇಕಾದರೂ ಕೂತು ಓದಿ ಹೇಳುತ್ತೇನೆ.