ಎರಡೂ ಕಾಲು ನೆಲಕ್ಕೆ ಸಿಗುವ ಗಾಡಿ

ನನ್ನ ಎತ್ತರ ಐದು ಅಡಿ ಮೂರು ಇಂಚು. ಶೋರೂಂನಲ್ಲಿ ಹುಡುಗರು ಪವರ್, ಪಿಕಪ್ ಅಂತ ಹೇಳುತ್ತಿದ್ದರೆ ನನ್ನ ಕಣ್ಣು ಸೀಟಿನ ಎತ್ತರದ ಮೇಲೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಮೇಲೆ ಹತ್ತಿ ಕೂತೆ. ನೋಡಲು ಚೆಂದದ ಗಾಡಿ, ಅನುಮಾನವೇ ಇಲ್ಲ, ಆದರೆ ಸೀಟು 805 ಮಿ.ಮೀ., ತೂಕ 195 ಕೆಜಿ, ನನಗೆ ನೆಲಕ್ಕೆ ಸಿಗುವುದು ಬೆರಳ ತುದಿ ಮಾತ್ರ. ಪಕ್ಕದಲ್ಲಿದ್ದ ಅದೇ ಕಂಪನಿಯ ಮೀಟಿಯರ್ 350 ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಿದವು. ಅದರ ಸೀಟು 765 ಮಿ.ಮೀ. ನಾಲ್ಕು ಸೆಂಟಿಮೀಟರ್ ಏನು ಮಹಾ ಅಂತ ಉದ್ದಕ್ಕಿರುವವರು ನಗಬಹುದು. ಇಳಿಜಾರಿನ ಸಿಗ್ನಲ್‌ನಲ್ಲಿ ಹಿಂದೆ ಹೆಂಡತಿ, ಮುಂದೆ ಅಕ್ಕಿ ಚೀಲ ಇಟ್ಟುಕೊಂಡು ಒಂದೇ ಕಾಲಿನ ತುದಿಯಲ್ಲಿ ನಿಂತು ನೋಡಿ, ಆಮೇಲೆ ಮಾತಾಡೋಣ.

ಮೀಟಿಯರ್ ಕೊಂಡಿದ್ದು 2025ರ ನವರಾತ್ರಿಯಲ್ಲಿ. ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತಲ್ಲ, ಇದರ ಎಂಜಿನ್ 349 ಸಿಸಿ, ಹಾಗಾಗಿ ಒಂದು ಸಿಸಿ ಅಂತರದಲ್ಲಿ ಬಚಾವಾಯಿತು. ಅದಕ್ಕೇ ತಿಂಗಳುಗಟ್ಟಲೆ ಕಾದಿದ್ದೆ. ನನ್ನ ಹಾಗೇ ಕಾದವರು ಊರ ತುಂಬಾ ಇದ್ದರು ಅಂತ ಗೊತ್ತಾಗಿದ್ದು ಶೋರೂಂ ಬಾಗಿಲಿಗೆ ಹೋದ ಮೇಲೆ. ನಮ್ಮ ರಾಜ್ಯದ ರೋಡ್ ಟ್ಯಾಕ್ಸ್ ಸೇರಿಸಿ ಆನ್‌ರೋಡ್ ಲೆಕ್ಕ ಕೈಗೆ ಬಂದಾಗ ಉಳಿತಾಯದ ಖುಷಿ ಸ್ವಲ್ಪ ಇಳಿಯಿತು, ಆ ಮಾತು ಬೇರೆ. ಸ್ಟೆಲ್ಲಾರ್ ಮಾಡೆಲ್ ತಗೊಂಡೆ, ಯಾಕೆಂದರೆ ಅದರಲ್ಲಿ ಹಿಂದೆ ಕೂರುವವರಿಗೆ ಒರಗುವ ದಿಂಬು ಇದೆ. ಹೆಂಡತಿ ಇಡೀ ಶೋರೂಂನಲ್ಲಿ ಗಮನ ಕೊಟ್ಟು ನೋಡಿದ್ದು ಅದೊಂದನ್ನೇ. ಬಣ್ಣ ಯಾವುದಾದರೂ ಆಗಬಹುದು ಅಂದಳು.

500 ಕಿ.ಮೀ.ಗೆ ಮಾಡಿಸುವ ಮೊದಲ ಸರ್ವಿಸ್ ಮುಗಿಯುವವರೆಗೆ ತುಮಕೂರು ಬಿಟ್ಟು ಆಚೆ ಹೋಗಲಿಲ್ಲ. ಹೊಸ ಎಂಜಿನ್ ಹಿಂಡಬಾರದು ಅಂತ ಮೆಲ್ಲಗೆ ಓಡಿಸುತ್ತಿದ್ದೆ. ಊರೊಳಗಿನ ಆ ಓಡಾಟದಲ್ಲೇ ಈ ಗಾಡಿ ನನ್ನದು ಅನ್ನಿಸತೊಡಗಿತು. ತೂಕ 191 ಕೆಜಿ, ನನ್ನ ಹಳೆಯ 125 ಸಿಸಿ ಗಾಡಿಗಿಂತ ಎಪ್ಪತ್ತು ಕೆಜಿಗೂ ಜಾಸ್ತಿ, ಆದರೆ ಆ ತೂಕ ಕೆಳಗೇ ಕೂತಿರುವುದರಿಂದ ಹೆದರಿಸುವುದಿಲ್ಲ. ಹಳೇ ಗಾಡಿಯನ್ನು ತರಕಾರಿ ಮಾರ್ಕೆಟ್ ಮುಂದೆ ಹಿಂದಕ್ಕೆ ತೆಗೆಯಬೇಕೆಂದರೆ ಕೆಳಗಿಳಿದು ತಳ್ಳಬೇಕಿತ್ತು. ಇದನ್ನು ಕೂತಲ್ಲೇ ಕಾಲಲ್ಲಿ ಒತ್ತಿ ಹಿಂದೆ ತರುತ್ತೇನೆ. ಕ್ಲಚ್ಚೂ ಹಗುರ. 2025ರ ಮಾಡೆಲ್‌ನಿಂದ ಸ್ಲಿಪ್ ಅಸಿಸ್ಟ್ ಕ್ಲಚ್ ಕೊಟ್ಟಿದ್ದಾರೆ, ಎರಡು ಬೆರಳಲ್ಲಿ ಹಿಡಿದರೆ ಸಾಕು. ಬಿ.ಎಚ್. ರಸ್ತೆಯ ಸಂಜೆ ಟ್ರಾಫಿಕ್‌ನಲ್ಲಿ ಎಡಗೈ ನೋಯದೆ ಮನೆ ಸೇರಬಹುದು ಅಂತ ನಾನಂತೂ ಅಂದುಕೊಂಡಿರಲಿಲ್ಲ.

ನಿಜವಾದ ಪರೀಕ್ಷೆ ಚಿಕ್ಕಮಗಳೂರಿನ ಅಕ್ಕನ ಮನೆಗೆ ಹೋದ ದಿನ. ಬೆಳಗ್ಗೆ ಬೇಗ ಹೊರಟೆವು. ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್, ತಿಪಟೂರು, ಅರಸೀಕೆರೆ, ಕಡೂರು, ಅಲ್ಲಿಂದ ಎಡಕ್ಕೆ ಸಖರಾಯಪಟ್ಟಣದ ದಾರಿ. ಹೈವೇಯಲ್ಲಿ ಗಂಟೆಗೆ ಎಂಬತ್ತರ ಮೇಲೆ ಹೋಗಲು ಮನಸ್ಸೇ ಬರಲಿಲ್ಲ, ಗಾಡಿಯೂ ಹೋಗು ಅಂತ ಒತ್ತಾಯ ಮಾಡಲಿಲ್ಲ. 20 ಬಿಎಚ್‌ಪಿ ಅಂದರೆ ಈ ತೂಕಕ್ಕೆ ದೊಡ್ಡದೇನಲ್ಲ, ಆದರೆ 27 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ, ನಾಲ್ಕು ಸಾವಿರ ಆರ್‌ಪಿಎಂಗೇ ಪೂರ್ತಿ ಸಿಗುತ್ತದೆ, ಹಾಗಾಗಿ ಲಾರಿ ಹಿಂದೆ ನಿಧಾನ ಆದರೂ ಪದೇ ಪದೇ ಗೇರ್ ಇಳಿಸುವ ಕೆಲಸ ಇಲ್ಲ. ಹಳೆಯ ಬುಲೆಟ್ಟಿನ ಆ ನಡುಕವೂ ಇಲ್ಲ. ಎಂಜಿನ್ ಒಳಗೆ ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಹಾಕಿರುವುದರಿಂದ ಕನ್ನಡಿಯಲ್ಲಿ ಹಿಂದಿನ ಗಾಡಿಯ ನಂಬರ್ ಓದಬಹುದು. ಡುಗುಡುಗು ಸದ್ದು ಕಡಿಮೆ ಅಂತ ನಮ್ಮ ಬೀದಿಯ ಹುಡುಗರಿಗೆ ಬೇಜಾರು. ನನಗೆ ಬೇಕಾಗಿದ್ದೇ ಅದು.

ತಿಪಟೂರಿನಲ್ಲಿ ಇಡ್ಲಿ ತಿಂದು ಎದ್ದಾಗ ಇಬ್ಬರಿಗೂ ಮೈಕೈ ನೋವಿಲ್ಲ. ಹೆಂಡತಿ ಒರಗಿಕೊಂಡು ತೂಕಡಿಸಿದ್ದಳಂತೆ. ಅದನ್ನು ಹೇಳಿ ನನ್ನನ್ನೇ ಹೆದರಿಸಿದಳು.

ಅರಸೀಕೆರೆ ದಾಟಿದ ಮೇಲೆ ಶುರುವಾಯಿತು ನೋಡಿ. ಇದು ಕ್ರೂಸರ್. ಫುಟ್‌ರೆಸ್ಟ್ ಮುಂದಕ್ಕಿದೆ, ಕಾಲು ಚಾಚಿ ಕೂರಬೇಕು. ಸೀದಾ ರಸ್ತೆಯಲ್ಲಿ ಇದರಷ್ಟು ಸುಖ ಇನ್ನೊಂದಿಲ್ಲ. ಆದರೆ ಹಂಪ್ ಬಂದಾಗ, ಮಾಮೂಲಿ ಬೈಕಿನಲ್ಲಿ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸ್ವಲ್ಪ ಏಳುತ್ತೇವಲ್ಲ, ಇದರಲ್ಲಿ ಹಾಗೆ ಏಳಲು ಬರುವುದಿಲ್ಲ. ಕಾಲು ಮುಂದೆ, ಭಾರ ಎಲ್ಲಾ ಹಿಂದೆ. ಪೆಟ್ಟು ನೇರವಾಗಿ ಸೊಂಟಕ್ಕೆ. ಹೆಚ್ಚಿನ ಕ್ರೂಸರ್‌ಗಳಲ್ಲಿ ಇದು ತಪ್ಪಿದ್ದಲ್ಲ, ಕಾಲು ನೆಲಕ್ಕೆ ಸಿಗಲಿ ಅಂತ ಸೀಟು ಇಳಿಸಿದಾಗ ಕಾಲನ್ನು ಎಲ್ಲಾದರೂ ಇಡಬೇಕಲ್ಲ. ಶೋರೂಂನ ಹತ್ತು ನಿಮಿಷದ ಟೆಸ್ಟ್ ರೈಡ್‌ನಲ್ಲಿ ಇದು ಗೊತ್ತಾಗುವುದೇ ಇಲ್ಲ. ನಮ್ಮ ಊರುಗಳ ಹಂಪ್‌ಗಳಂತೂ, ಬಣ್ಣವಿಲ್ಲ, ಬೋರ್ಡಿಲ್ಲ, ಮರದ ನೆರಳಲ್ಲಿ ಅಡಗಿಕೊಂಡಿರುತ್ತವೆ. ಕಡೂರು ಮುಟ್ಟುವಷ್ಟರಲ್ಲಿ ನಾನು ಸೀಟಿನ ಮೇಲೆ ಹಿಂದೆ ಮುಂದೆ ಜರುಗುತ್ತಾ ಇದ್ದೆ. "ಯಾಕ್ರೀ, ಇರುವೆ ಬಿಟ್ಟಿದ್ದಾರಾ?" ಅಂತ ಹಿಂದಿನಿಂದ ಪ್ರಶ್ನೆ. ಸಖರಾಯಪಟ್ಟಣ ದಾಟಿ ದೂರದಲ್ಲಿ ಚಂದ್ರದ್ರೋಣ ಬೆಟ್ಟಸಾಲು ಕಾಣುವ ಹೊತ್ತಿಗೆ ಗಾಳಿ ತಣ್ಣಗಾಯಿತು, ಸೊಂಟವನ್ನು ಸ್ವಲ್ಪ ಮರೆತೆ.

ನಮ್ಮ ಭಾವ ಆರಡಿ ಆಳು. ಹಳೇ ಬುಲೆಟ್ ಇಟ್ಟಿದ್ದಾರೆ, ಅದರ ಸ್ಕ್ರೂ ಸ್ಕ್ರೂ ಗೊತ್ತು ಅವರಿಗೆ. ಊಟಕ್ಕೂ ಮೊದಲು ನನ್ನ ಗಾಡಿ ಹತ್ತಿ ಒಂದು ಸುತ್ತು ಹೋಗಿ ಬಂದರು. "ಸೋಫಾ ಮೇಲೆ ಕೂತಂಗೈತೆ ಕಣಪ್ಪ. ಸೋಫಾದಲ್ಲಿ ಟಿವಿ ನೋಡಬಹುದು, ಗಾಡಿ ಓಡ್ಸೋಕಾಗುತ್ತಾ?" ಅಂದರು. ಆಮೇಲೆ ಬಗ್ಗಿ ಹಿಂದಿನ ಶಾಕ್ ಅಬ್ಸಾರ್ಬರ್ ನೋಡಿ, "ಇಬ್ರು ಕೂತ್ಕೊಂಡು ಬಂದಿದ್ದೀರ, ಸ್ಪ್ರಿಂಗ್ ಹಂಗೇ ಐತಲ್ಲೋ" ಅಂದು ಒಳಗಿನಿಂದ ಸ್ಪ್ಯಾನರ್ ತಂದರು. ಇದರ ಪ್ರೀಲೋಡ್‌ಗೆ, ಅಂದರೆ ಸ್ಪ್ರಿಂಗಿನ ಬಿಗಿತಕ್ಕೆ, ಆರು ಹಂತ ಇದೆ. ಒಬ್ಬರೇ ಓಡಿಸುವಾಗ ಸಡಿಲ ಇರಬೇಕು, ಇಬ್ಬರಿದ್ದರೆ ಬಿಗಿ ಮಾಡಬೇಕು. ಸಡಿಲ ಇದ್ದಾಗ ಇಬ್ಬರ ಭಾರಕ್ಕೆ ಸ್ಪ್ರಿಂಗ್ ಮೊದಲೇ ಕುಗ್ಗಿರುತ್ತದೆ, ಹಂಪ್ ಬಂದಾಗ ಕುಗ್ಗಲು ಜಾಗವೇ ಇರುವುದಿಲ್ಲ, ಆ ಪೆಟ್ಟು ನಮಗೆ ಬರುತ್ತದೆ. ಭಾವ ಎರಡೂ ಕಡೆ ಒಂದೇ ಸಮ ತಿರುಗಿಸಿ ಕೊಟ್ಟರು.

ಮಾರನೇ ದಿನ ವಾಪಸ್ ಬರುವಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು. ಪೆಟ್ಟು ಪೂರ್ತಿ ಹೋಗಲಿಲ್ಲ, ಆದರೆ ಧಡ್ ಅಂತ ತಳ ಹೊಡೆಯುವುದು ನಿಂತಿತು. ನಾನೂ ಒಂದು ಅಭ್ಯಾಸ ಮಾಡಿಕೊಂಡೆ. ಬೆನ್ನು ನೇರ ಇಟ್ಟು ಹ್ಯಾಂಡಲ್ ಕಡೆಗೆ ಸ್ವಲ್ಪ ಬಾಗಿ ಕೂತರೆ ಸೊಂಟಕ್ಕೆ ಭಾರ ಕಡಿಮೆ, ಗಂಟೆಗೊಮ್ಮೆ ಇಳಿದು ನಡೆದರೆ ಇನ್ನೂ ಒಳ್ಳೆಯದು. ತಿಪಟೂರಿನಲ್ಲಿ ಎಳನೀರು ಕುಡಿಯಲು ಇಳಿದಾಗ ಪಕ್ಕದ ಬಂಕ್‌ನಲ್ಲಿ ಟ್ಯಾಂಕ್ ತುಂಬಿಸಿದೆ, ಮೈಲೇಜ್ 35ರ ಆಸುಪಾಸು ಬಂದಿತ್ತು. ಹಳೇ ಗಾಡಿಯ ಲೆಕ್ಕ ನೆನಪಿಸಿಕೊಂಡರೆ ಹೊಟ್ಟೆ ಉರಿಯುತ್ತದೆ, ಹಾಗಾಗಿ ನೆನಪಿಸಿಕೊಳ್ಳಲಿಲ್ಲ.

ಈಗ ಯಾರಾದರೂ ಗಾಡಿ ಹೇಗಿದೆ ಅಂತ ಕೇಳಿದರೆ, ಮೊದಲು ನಿಮ್ಮ ಎತ್ತರ ಎಷ್ಟು, ದಿನಾ ಎಲ್ಲಿ ಓಡಿಸುತ್ತೀರಿ ಅಂತ ನಾನೇ ಕೇಳುತ್ತೇನೆ. ಗಿಡ್ಡ ಇದ್ದು, ಪೇಟೆ ಟ್ರಾಫಿಕ್, ಯಾವಾಗಲಾದರೊಮ್ಮೆ ದೂರದ ಊರು ಅನ್ನುವವರಾದರೆ ಕಣ್ಣು ಮುಚ್ಚಿ ತಗೊಳ್ಳಿ ಅನ್ನುತ್ತೇನೆ. ಹಳ್ಳಿಯ ಮಣ್ಣುರಸ್ತೆಯಲ್ಲೇ ದಿನವೂ ಓಡಾಟ, ಜೊತೆಗೆ ಸೊಂಟನೋವು ಬೇರೆ ಇದೆ ಅಂದರೆ ಬೇಡ, ಕಾಲು ನೇರ ಕೆಳಗೆ ಬರುವ ಗಾಡಿ ನೋಡಿ. ಮುಂದಿನ ಸಲ ಬರುವಾಗ ಎರಡು ದಿನಕ್ಕೆ ಗಾಡಿ ಅದಲು ಬದಲು ಮಾಡಿಕೊಳ್ಳೋಣ ಅಂತ ಭಾವ ಫೋನ್ ಮಾಡಿದ್ದರು. ಅವರ ಬುಲೆಟ್ ಓಡಿಸುವ ಆಸೆ ನನಗೂ ಇದೆ, ಆದರೆ ಅದಕ್ಕೆ ಒರಗುವ ದಿಂಬಿಲ್ಲವಲ್ಲ, ಹೆಂಡತಿ ಆಗಲೇ ಆಗಲ್ಲ ಅಂದಿದ್ದಾಳೆ.