ದಡ ಮರೆಯಾಯಿತು, ಸಿಗ್ನಲ್ಲೂ

ಬೋಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಇದು ಪೋಸ್ಟ್ ಆಗುವುದು ದಡದ ಹತ್ತಿರ ಬಂದ ಮೇಲೆಯೇ.

ಹೊರಟಾಗ ಫುಲ್ ಸಿಗ್ನಲ್. ಆಮೇಲೆ ಎರಡು ಕಡ್ಡಿ, ಒಂದು, ಖಾಲಿ. ನೀರಿನ ಮೇಲೆ ಅಡ್ಡ ಬರಲು ಮರವಿಲ್ಲ, ಕಟ್ಟಡವಿಲ್ಲ, ಹಾಗಾಗಿ ಸಿಗ್ನಲ್ ಸಾಕಷ್ಟು ದೂರ ಬರುತ್ತದೆ. ಆದರೆ ಭೂಮಿ ದುಂಡಗಿದೆ ಅಲ್ವಾ! ಟವರ್ ದಿಗಂತದ ಕೆಳಗೆ ಜಾರಿದರೆ ಮುಗಿಯಿತು. ನಾನು ಕ್ಯಾಬಿನ್ ಮೇಲೆ ಹತ್ತಿ ಫೋನ್ ಎತ್ತಿ ಹಿಡಿದಾಗ ಎಲ್ಲರೂ ನಕ್ಕರು. ನಗಲಿ ಬಿಡಿ, ಎತ್ತರಕ್ಕೆ ಹೋದಷ್ಟೂ ದಿಗಂತ ದೂರ ಸರಿಯುತ್ತದೆ. ಒಂದು ಕಡ್ಡಿ ಬಂದೂ ಬಂತು, ಮೆಸೇಜ್ ಮಾತ್ರ ಹೋಗಲಿಲ್ಲ.

ಅಷ್ಟರಲ್ಲಿ ಬ್ಯಾಟರಿ ಅರ್ಧ ಖಾಲಿ. ಟವರ್ ಸಿಗದಿದ್ದರೆ ಫೋನ್ ಸುಮ್ನೆ ಇರುವುದಿಲ್ಲ, ಹುಡುಕುತ್ತಲೇ ಇರುತ್ತದೆ. ಏರೋಪ್ಲೇನ್ ಮೋಡ್‌ಗೆ ಹಾಕಿದೆ. ಜಿಪಿಎಸ್ ಆಗಲೂ ನಡೆಯುತ್ತದೆ, ಅದು ಉಪಗ್ರಹಗಳನ್ನು ಬರೀ ಕೇಳಿಸಿಕೊಳ್ಳುತ್ತದೆ ಅಷ್ಟೇ. ಮ್ಯಾಪ್ ಮೊದಲೇ ಇಳಿಸಿಕೊಳ್ಳದೆ ಬಂದಿದ್ದರಿಂದ ನನ್ನ ಪರದೆಯಲ್ಲಿ ಬೂದು ಬಣ್ಣದ ನಡುವೆ ಒಂದು ನೀಲಿ ಚುಕ್ಕಿ. ಅದು ನಾನು!

ಬೋಟ್ ನಡೆಸುವವರು ತಮ್ಮ ವಿಎಚ್‌ಎಫ್ ರೇಡಿಯೋ ತೋರಿಸಿದರು. ಅಪಾಯದ ಕರೆಗೆ ಚಾನೆಲ್ 16. ಫೋನ್ ಮಾಡಿದರೆ ಒಬ್ಬರಿಗೆ ಕೇಳುತ್ತದೆ, ಇದರಲ್ಲಿ ಕೂಗಿದರೆ ಸುತ್ತಲಿನ ಬೋಟುಗಳಿಗೆಲ್ಲ ಕೇಳುತ್ತದೆ. ದಡದಲ್ಲಿ ಗುಟ್ಟಾಗಿ ಮಾತಾಡುವುದು ಸುಖ, ಇಲ್ಲಿ ನಾಲ್ಕು ಜನ ಕದ್ದು ಕೇಳಿದರೇ ಒಳ್ಳೆಯದು.

ಈಗಷ್ಟೇ ಜೇಬಿನಲ್ಲಿ ಫೋನ್ ನಡುಗಿದಂತಾಯಿತು. ತೆಗೆದು ನೋಡಿದೆ. ಎಂಜಿನ್ ನಡುಕ.